ಚಿಲಕವು ಆದೇಶವಿಲ್ಲದೆ ಒಳಗಡೆಗೆ ವರ್ಗವಾದ ಬಗ್ಗೆ

ಸಂಖ್ಯೆ: ಸಾಕ/ಮಶೌ/ಚಿಲಕ/17(ಒಳ)
ಕಾರ್ಯಾಲಯ, ಮೂರನೇ ಮಹಡಿ

ಸುತ್ತೋಲೆ

ವಿಷಯ: ಮಾರುಕಟ್ಟೆಯ ಮಹಿಳಾ ಶೌಚಾಲಯದ ಬಾಗಿಲ ಹೊರಮೈಯಲ್ಲಿದ್ದ ಚಿಲಕವು ಒಳಮೈಯಲ್ಲಿ ಪತ್ತೆಯಾಗಿರುವ ಕುರಿತು.

ಉಲ್ಲೇಖ: 1. ವಿನ್ಯಾಸ ಸಮಿತಿಯ ನಡವಳಿ.
2. ಉಗ್ರಾಣಪಾಲಕರ ಸ್ಥಳ ಪರಿಶೀಲನಾ ವರದಿ.
3. ಸದರಿಯವರ ವಿವರಣೆ (ಒಂದು ಸಾಲು).

ಪೀಠಿಕೆ: ಹೆಂಗಸರು ಮತ್ತು ಹೆಣ್ಣುಮಕ್ಕಳ ಸುರಕ್ಷತೆಯನ್ನು ಗಮನದಲ್ಲಿಟ್ಟು ಏಳು ಮಹನೀಯರ ಸಮಿತಿಯು ಸದರಿ ಶೌಚಾಲಯವನ್ನು ವಿನ್ಯಾಸಗೊಳಿಸಿರುತ್ತದೆ. ಮಹಿಳಾ ಪ್ರಾತಿನಿಧ್ಯವನ್ನು ಟಿಪ್ಪಣಿ ಬರೆದುಕೊಂಡ ಬೆರಳಚ್ಚುಗಾರ್ತಿಯವರಿಂದ ಭರ್ತಿ ಮಾಡಲಾಗಿತ್ತು. ಅವರು ಸಭೆಯಲ್ಲಿ ಒಮ್ಮೆ ಏನನ್ನೋ ಹೇಳಿದ್ದು, ಆ ಹೊತ್ತಿನಲ್ಲಿ ಟಿಪ್ಪಣಿ ಬರೆದುಕೊಳ್ಳುವವರು ಯಾರೂ ಇಲ್ಲದ ಕಾರಣ ಅದು ದಾಖಲಾಗಿರುವುದಿಲ್ಲ.

ಸಮಿತಿಯ ತೀರ್ಮಾನದಂತೆ ಬಾಗಿಲಿಗೆ ಹೊರಗಡೆ ಮಾತ್ರ ಚಿಲಕವಿರಿಸಿ ಬೀಗ ಹಾಕಲಾಗಿತ್ತು. ಒಳಗಡೆ ಕದಿಯುವಂಥದ್ದೇನೂ ಇಲ್ಲದ ಕಾರಣ ಅಲ್ಲಿ ಚಿಲಕದ ಅಗತ್ಯ ಕಂಡುಬರಲಿಲ್ಲ. ಬೀಗದ ಕೈಯನ್ನು ಮೂರನೇ ಮಹಡಿಯ ಉಗ್ರಾಣಪಾಲಕರ ಸುಪರ್ದಿಗೆ ವಹಿಸಿ, ಪಡೆಯುವವರು ಹೆಸರು, ವಯಸ್ಸು, ಉದ್ದೇಶ ಬರೆದು ಸಹಿ ಹಾಕತಕ್ಕದ್ದೆಂದು ಪುಸ್ತಕ ಇರಿಸಲಾಗಿತ್ತು. ಎದುರು ಅಂಗಡಿಯ ಹೊಲಿಗೆಯಾಕೆಯು ಉದ್ದೇಶದ ಅಂಕಣದಲ್ಲಿ "ಇನ್ನೇನಿರತ್ತೆ?" ಎಂದು ಬರೆದಿರುವುದನ್ನು ಇಲಾಖೆಯು ಗಂಭೀರವಾಗಿ ಪರಿಗಣಿಸಿದೆ.

ಘಟನೆ: ಉಗ್ರಾಣಪಾಲಕರು ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ತೆರಳಿದ್ದ ಮಧ್ಯಾಹ್ನ, ಶೌಚಾಲಯವಿಲ್ಲದ ಪಕ್ಕದ ಹೆಣ್ಣುಮಕ್ಕಳ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಮೂರು ಮಹಡಿ ಹತ್ತಿ, ಬರಿಗೈಯಲ್ಲಿ ಇಳಿದು, ಬಾಗಿಲ ಮುಂದೆ ಅಳುತ್ತ ನಿಂತಿದ್ದಳು. ಹೊಲಿಗೆಯಾಕೆಯು "ನಿಲ್ಲು ಪುಟ್ಟಿ" ಎಂದು ಹೇಳಿ, ಹೊಲಿಗೆ ಯಂತ್ರದ ತಿರುಪುಳಿಯಿಂದ ಚಿಲಕವನ್ನು ಬೀಗದ ಸಮೇತ ಬಿಚ್ಚಿ, ಬೀಗವನ್ನು ಕಳಚಿ ಬದಿಗಿಟ್ಟು, ಒಳಗಡೆಗೆ ಜೋಡಿಸಿಕೊಟ್ಟಿರುತ್ತಾಳೆ. ತಗುಲಿದ ಸಮಯ ಹನ್ನೊಂದು ನಿಮಿಷ. ಇದೇ ಕೆಲಸಕ್ಕೆ ಇಲಾಖೆಯ ಅಂದಾಜು ಒಂದೂವರೆ ವರ್ಷ.

ಸರ್ಕಾರಿ ಸ್ವತ್ತು ಆವರಣ ಬಿಟ್ಟು ಹೋಗದೆ, ಬಾಗಿಲ ದಪ್ಪದಷ್ಟು ಮಾತ್ರ ಸರಿದಿರುವುದರಿಂದ ಇದು ಕಳವೋ ವರ್ಗಾವಣೆಯೋ ಎಂದು ತಿಳಿಯದೆ, ಸ್ಥಳ ಪರಿಶೀಲನೆಗೆ ಉಗ್ರಾಣಪಾಲಕರನ್ನೇ ಕಳುಹಿಸಲಾಯಿತು. ಅವರು ಬಾಗಿಲು ಬಡಿದಾಗ ಒಳಗಿನಿಂದ "ಜನ ಇದ್ದಾರ್ರೀ!" ಎಂದು ಉತ್ತರ ಬಂದಿರುತ್ತದೆ. ಅರ್ಧ ಗಂಟೆಯ ನಂತರ ಬಡಿದಾಗ ಬೇರೆ ದನಿಯಲ್ಲಿ ಅದೇ ಉತ್ತರ. ಮೂರನೇ ಬಾರಿ "ಇಲಾಖೆಯಿಂದ ಬಂದಿದೀವಿ" ಎಂದು ತಿಳಿಸಲಾಗಿ, "ಅಪ್ಪಾ? ನಾನು ಕಣಪ್ಪಾ. ಸ್ವಲ್ಪ ಆ ಕಡೆ ಹೋಗು" ಎಂದು ಕೇಳಿಬಂದಿದ್ದು, ಅದು ಅವರ ಸ್ವಂತ ಮಗಳದ್ದೇ ದನಿ ಎಂದು ಗುರುತಿಸಿರುತ್ತಾರೆ.

ವರದಿಯ ಮುಂದಿನ ಭಾಗ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದರೂ ದಾಖಲೆಗಾಗಿ ಕೊಡಲಾಗಿದೆ: "ಮಗಳು ನಾಲ್ಕು ವರ್ಷದಿಂದ ಇದೇ ಶಾಲೆಗೆ ಬರುತ್ತಿದ್ದಾಳೆ. ಬೆಳಗ್ಗೆ ತುಂಬಿಕೊಟ್ಟ ನೀರಿನ ಬಾಟಲಿಯನ್ನು ಸಂಜೆ ಹಾಗೇ ತರುತ್ತಿದ್ದಳು. ನೀರು ಕುಡಿ ಎಂದು ಬೈಯುತ್ತಿದ್ದೆ. 'ಅಪ್ಪನ ಹತ್ತಿರ ಬೀಗದ ಕೈ ಕೇಳೋದು ಹೇಗೆ ಅಂತ ಸುಮ್ಮನಿದ್ದೆ' ಎಂದಳು." ಅಂದು ಸದರಿಯವರು ಊಟದ ಡಬ್ಬಿ ತೆರೆಯಲಿಲ್ಲವೆಂದು ಪಕ್ಕದ ಮೇಜಿನವರು ತಿಳಿಸಿರುತ್ತಾರೆ.

ಚಿಲಕವನ್ನು ಏಕೆ ಮೊದಲಿನ ಸ್ಥಾನಕ್ಕೆ ತರಲಿಲ್ಲವೆಂದು ಕೇಳಲಾಗಿ ಉಗ್ರಾಣಪಾಲಕರು ನೀಡಿದ ವಿವರಣೆ: "ಇಲಾಖೆಯ ಉಳಿದ ನಾಲ್ಕು ಮಹಿಳಾ ಶೌಚಾಲಯಗಳ ಚಿಲಕಗಳನ್ನೂ ನಿನ್ನೆ ನಾನೇ ಒಳಗಡೆ ಜೋಡಿಸಿ ಬಂದಿದ್ದೇನೆ."

ಮೇಲ್ಕಂಡ ಸಂಗತಿಗಳನ್ನು ಪರಾಂಬರಿಸಿ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ಐದೂ ಚಿಲಕಗಳು ಒಳಗಡೆ ಕರ್ತವ್ಯಕ್ಕೆ ಹಾಜರಾದ ಬಗ್ಗೆ ಕೂಡಲೇ ವರದಿ ಸಲ್ಲಿಸತಕ್ಕದ್ದು.

2. ಬೀಗಗಳು ಇಲ್ಲವಾದರೂ ಬೀಗದ ಕೈಗಳನ್ನು ಎಂದಿನಂತೆ ವಿತರಿಸಲಾಗುವುದು. ಬೇಡವೆಂದವರಿಂದ ಬೇಡವೆಂಬುದಕ್ಕೆ ಸಹಿ ಪಡೆಯತಕ್ಕದ್ದು.

3. ಒಳಗಿನಿಂದ ಚಿಲಕ ಹಾಕಿಕೊಳ್ಳುವವರು ಹಾಕಿಕೊಂಡ ಕೂಡಲೇ ಆ ಬಗ್ಗೆ ಮೂರನೇ ಮಹಡಿಗೆ ಖುದ್ದಾಗಿ ಬಂದು ತಿಳಿಸಿ, ಅನುಮತಿ ಪಡೆದು, ಒಳಗೇ ಇರತಕ್ಕದ್ದು.

4. ವಿದ್ಯಾರ್ಥಿನಿಯರು ಈಗ ನೀರು ಕುಡಿಯುತ್ತಿರುವುದರಿಂದ ಶಾಲೆಯ ನಲ್ಲಿಯ ಬಳಕೆ ಮೂರು ಪಟ್ಟಾಗಿದೆ. ಈ ಬಗ್ಗೆ ನಲ್ಲಿಯಿಂದ ಸಮಜಾಯಿಷಿ ಕೇಳಲಾಗಿದೆ.

5. ಇನ್ನು ಮುಂದಿನ ವಿನ್ಯಾಸ ಸಭೆಗಳಲ್ಲಿ ಬೆರಳಚ್ಚುಗಾರ್ತಿಯವರು ಮಾತನಾಡುವಾಗ ಏಳು ಸದಸ್ಯರ ಪೈಕಿ ಒಬ್ಬರು ಟಿಪ್ಪಣಿ ಬರೆದುಕೊಳ್ಳತಕ್ಕದ್ದು. ಬರೆಯಲು ಬಾರದಿದ್ದಲ್ಲಿ ಕೇಳಿಸಿಕೊಂಡರೂ ಸಾಕು.

ಸಹಿ/-
ಉಪ ನಿರ್ದೇಶಕರು (ಪ್ರಭಾರ)

ಪ್ರತಿ:
1. ಹೊಲಿಗೆಯಾಕೆಗೆ, ಎಚ್ಚರಿಕೆಗಾಗಿ. ಸಭಾಂಗಣದ ಕಿಟಕಿಯೂ ಮುಚ್ಚುತ್ತಿಲ್ಲ, ಬಿಡುವಾದಾಗ ಬಂದು ನೋಡುವುದು.
2. ಉಗ್ರಾಣಪಾಲಕರಿಗೆ, ಶಿಸ್ತುಕ್ರಮದ ಕಡತ ಸಿಗುವವರೆಗೆ ಕರ್ತವ್ಯದಲ್ಲಿ ಮುಂದುವರಿಯಲು.
3. ಒಳಗಿರುವವರಿಗೆ, ಬಾಗಿಲ ಕೆಳಗಿನ ಸಂದಿಯ ಮೂಲಕ.
4. ನಮ್ಮ ಮನೆಯವರಿಗೆ, ಮಾಹಿತಿಗಾಗಿ. ಚಿಲಕ ಒಳಗಡೆಯೇ ಇರುತ್ತದೆ. ಇನ್ನಾದರೂ ನನ್ನೊಂದಿಗೆ ಮಾತು ಬಿಟ್ಟಿರುವುದನ್ನು ಹಿಂಪಡೆಯಲು ಕೋರಿದೆ.