ನಿಲ್ಲದ ಯಂತ್ರ ಮತ್ತು ನಮ್ಮ ಲಿಫ್ಟು

ಪೀಣ್ಯದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಮಳೆಗಾಲಕ್ಕೆ ಸೊಳ್ಳೆ ಬಂದ ಹಾಗೆ ವರ್ಷಕ್ಕೆ ಒಬ್ಬನಾದರೂ ಬಂದೇ ಬರುತ್ತಾನೆ. ಕರೆಂಟ್ ಬೇಡ, ಡೀಸೆಲ್ ಬೇಡ, ಸದಾ ತಿರುಗುವ ಯಂತ್ರ ಕಂಡುಹಿಡಿದಿದ್ದೇನೆ ಅನ್ನುತ್ತಾನೆ. ಕೇಳಿದವರು ನಗುತ್ತಾರೆ. ನನಗೆ ಸಿಟ್ಟು ಬರುತ್ತದೆ.

ಈ ವರ್ಷ ಸಿಟ್ಟು ಜಾಸ್ತಿ. ಅಂಥ ಯಂತ್ರ ನಂಬಿ ಸಂಘದವರು ನಮ್ಮ ಅಪಾರ್ಟ್‌ಮೆಂಟಿನ ಜನರೇಟರನ್ನೇ ಮಾರಲು ಹೊರಟರು. ನಮ್ಮ ಮನೆ ನಾಲ್ಕನೇ ಮಹಡಿ. ನನ್ನ ಹೆಂಡತಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ನಾವಿರುವ ಮಾದನಾಯಕನಹಳ್ಳಿಯಲ್ಲಿ ಕರೆಂಟ್ ಹೋಗದ ದಿನವಿಲ್ಲ. ಜನರೇಟರ್ ಹೋದರೆ ಲಿಫ್ಟ್ ಹೋಯಿತು. ಲಿಫ್ಟ್ ಹೋದರೆ ಅವಳಿಗೆ ಮನೆಯೇ ಜೈಲು.

ಅದಕ್ಕೇ ಬರೆಯುತ್ತಿದ್ದೇನೆ. ಹಳೆಯದು ಮೊದಲು.

೧. ಕುರ್ಚಿ

ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಕ್ಷೆ. ಮೋಟರ್ ಡೈನಮೋ ತಿರುಗಿಸುತ್ತದೆ. ಡೈನಮೋ ಕರೆಂಟ್ ಕೊಡುತ್ತದೆ. ಆ ಕರೆಂಟಿನಿಂದ ಅದೇ ಮೋಟರ್ ತಿರುಗುತ್ತದೆ. ಮಿಕ್ಕಿದ್ದರಲ್ಲಿ ಊರಿಗೆಲ್ಲ ದೀಪ.

"ಮಿಗೋದು ಎಲ್ಲಿಂದ?" ಎಂದೆ.

"ಮಿಗುತ್ತೆ ಸಾರ್."

"ಬೇರಿಂಗ್ ಬಿಸಿ ಆಗುತ್ತಲ್ಲ, ಅದು ಯಾರಪ್ಪನ ಮನೆ ಕರೆಂಟು?"

"ಒಳ್ಳೇ ಬೇರಿಂಗ್ ಹಾಕೋಣ ಸಾರ್."

ತಲೆ ಕೆಟ್ಟಿತು. ನನ್ನ ಕಬ್ಬಿಣದ ಕುರ್ಚಿ ತೋರಿಸಿದೆ. "ಕೂತ್ಕೋ. ಕೂತ ಹಾಗೇ ಆ ಕುರ್ಚೀನ ಮೇಲಕ್ಕೆತ್ತು. ಎತ್ತಿದರೆ ನಿನ್ನ ಯಂತ್ರ ನಾನೇ ಪುಕ್ಕಟೆ ಮಾಡ್ಕೊಡ್ತೀನಿ."

ಬೈದೆ ಅಂತ ತಿಳಿದು ಹೊರಟು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಕೂತ. ಸೀಟನ್ನು ಎರಡೂ ಕೈಯಲ್ಲಿ ಹಿಡಿದ. ಕತ್ತಿನ ನರ ಉಬ್ಬುವವರೆಗೆ ಎಳೆದ. ಆಮೇಲೆ ಬೆವರು ಒರೆಸಿಕೊಂಡು ಕೇಳಿದ:

"ಇದು ಕಬ್ಬಿಣದ್ದು ಸಾರ್. ಪ್ಲಾಸ್ಟಿಕ್ ಕುರ್ಚಿ ಇದ್ಯಾ?"

೨. ನಿಲ್ಲುವವರೆಗೆ

ಇನ್ನೊಬ್ಬ ಬೊಮ್ಮಸಂದ್ರದಲ್ಲಿ ಶಿಫ್ಟ್ ಮುಗಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಾಯಿಸಿಕೊಂಡು ಬಂದಿದ್ದ. ಗೋಣಿಚೀಲದಲ್ಲಿ ಸ್ಟ್ಯಾಂಡಿಗೆ ಕೂರಿಸಿದ ಸೈಕಲ್ ಚಕ್ರ. ಚಕ್ರದ ಸುತ್ತ ಹಳೆ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಗಳು. ನನ್ನ ಬೆಂಚಿನ ಮೇಲಿಟ್ಟು ಒಂದು ಏಟು ಕೊಟ್ಟ. ತಿರುಗಿತು.

"ನೋಡಿ ಸಾರ್, ತನಗೆ ತಾನೇ."

"ನೀನು ತಳ್ಳಿದೆ."

"ಅದು ಸ್ಟಾರ್ಟಿಂಗು ಸಾರ್. ಆಮೇಲೆ ಬೇಕಾಗಲ್ಲ."

"ಎಷ್ಟು ಹೊತ್ತು ತಿರುಗುತ್ತೆ?"

"ಎಷ್ಟು ಹೊತ್ತು ಬೇಕಾದ್ರೂ."

ಅವನ ಮಾತು ಮುಗಿಯಿತು. ಚಕ್ರವೂ ಮುಗಿಯಿತು. ಇಬ್ಬರೂ ಅದನ್ನೇ ನೋಡಿದೆವು.

"ನಿಂತೋಯ್ತಲ್ಲೋ!" ಎಂದು ರೇಗಿದೆ.

ಅವನಿಗೂ ರೇಗಿತು. "ನಿಲ್ಲೋವರೆಗೂ ತಿರುಗ್ತಾನೇ ಇತ್ತಲ್ಲ ಸಾರ್!"

೩. ಎಲ್ಲ ಪಾಸು

ಈಗ ಈ ವರ್ಷದ್ದು. ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು. ಸರ್ಕಾರಿ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ನಿನಲ್ಲಿದ್ದು ನಿವೃತ್ತರಾದವರು. ಕೆಲಸದಲ್ಲಿದ್ದಾಗ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ವಾಪಸ್ ಕಳಿಸುತ್ತಿದ್ದರು. ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಬಂದದ್ದೆಲ್ಲ ಪಾಸು.

ಸೆಲ್ಲಾರಿನಲ್ಲಿ ಮೀಟಿಂಗ್ ಕರೆದರು. ಪೀಣ್ಯದಲ್ಲಿ ಒಬ್ಬ ಮಹಾನುಭಾವ ಇಂಧನವಿಲ್ಲದ ಜನರೇಟರ್ ಮಾಡಿದ್ದಾನಂತೆ. ಡೀಸೆಲ್ ಜನರೇಟರ್ ಮಾರಿ ಅದನ್ನು ತರೋಣ ಎಂದರು.

ನಾನು ಎದ್ದೆ. "ಅದು ನಿಂತರೆ ನನ್ನ ಹೆಂಡತಿ ಕೆಳಗೆ ಹೇಗೆ ಬರಬೇಕು?"

"ಅತ್ತಿಗೆಗೋಸ್ಕರವೇ ಕಣ್ರೀ ಇದು! ಡೀಸೆಲ್ ಹೊಗೆ ಅವರಿಗೆ ಆಗಲ್ಲ."

"ಹೊಗೆ ಕುಡ್ಕೊಂಡು ಇಳೀತಾಳೆ. ಮೆಟ್ಟಿಲಲ್ಲಿ ಇಳಿಯೋಕಾಗಲ್ಲ."

"ನಿಮಗೆ ಹೊಟ್ಟೆಕಿಚ್ಚು. ತಂತಿ ಸುತ್ತಿ ಸುತ್ತಿ ತಲೇನೂ ಸುತ್ಕೊಂಡಿದೆ."

"ನಿಮ್ಮ ಮನೆ ಯಾವ ಮಹಡಿ?"

"ಒಂದನೇದು. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

ಆಗ ಬೆಳ್ಳಂದೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನೆರೆಯವನೊಬ್ಬ ನನಗೆ ಬುದ್ಧಿ ಹೇಳಲು ಬಂದ. "ಅಂಕಲ್, ಇದೆಲ್ಲ ಯಾವತ್ತೋ ಕಂಡುಹಿಡಿದುಬಿಟ್ಟಿದ್ದಾರೆ. ದೊಡ್ಡ ದೊಡ್ಡ ಕಂಪನಿಗಳು ಮುಚ್ಚಿಟ್ಟಿವೆ. ಯಾರಿಗೂ ಗೊತ್ತಾಗೋಕೆ ಬಿಡಲ್ಲ."

"ಯಾರಿಗೂ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲ."

"ನಿನಗೆ ಹೇಗೆ ಗೊತ್ತಾಯ್ತು?"

"ವೀಡಿಯೋ ಇದೆ ಅಂಕಲ್. ಲಕ್ಷಾಂತರ ಜನ ನೋಡಿದ್ದಾರೆ."

ಕೈ ಎತ್ತಿಸಿದರು. ಎಲ್ಲರದ್ದೂ ಆ ಕಡೆ, ನನ್ನದೊಂದು ಈ ಕಡೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಕಿಟಕಿಯಿಂದ ಕೆಳಗೆ ನೋಡಿದಳು.

"ತರಕಾರಿಗೆ ಒಂದು ಬುಟ್ಟಿ, ಉದ್ದ ಹಗ್ಗ ತಂದುಬಿಡಿ. ಹಗ್ಗ ಗಟ್ಟಿ ಇದ್ದರೆ ನಾನೂ ಬುಟ್ಟೀಲೇ ಇಳೀತೀನಿ."

೪. ಮೂರಡಿ ದೂರ

ಆ ಮಹಾನುಭಾವನ ಶೆಡ್ಡು ಎಲ್ಲಿ ಅಂತ ವಿಚಾರಿಸಿದೆ. ನನ್ನ ಅಂಗಡಿ ಇರುವ ಕಾಂಪೌಂಡಿನಲ್ಲೇ! ಅಲ್ಲಿ ಆರು ಶೆಡ್ಡು. ಮೊದಲನೆಯದು ನನ್ನದು, ಕೊನೆಯದು ಅವನದು. ಬೇಸಿಗೆಯಲ್ಲಿ ಬಾಡಿಗೆಗೆ ಬಂದಿದ್ದ. ಬಾಗಿಲು ಸದಾ ಮುಚ್ಚಿರುತ್ತಿತ್ತು. ಅಗರಬತ್ತಿ ವ್ಯಾಪಾರದವನು ಅಂದುಕೊಂಡಿದ್ದೆ, ವಾಸನೆ ಹಾಗಿತ್ತು.

ಷಡ್ಡಕರ ಜೊತೆ ಹೋದೆ. ಒಂದು ದೊಡ್ಡ ಗಾಲಿ. ಬೆಲ್ಟು. ಒಂದು ತಗಡಿನ ಪೆಟ್ಟಿಗೆ. ಮೇಲೆ ಉರಿಯುವ ಬಲ್ಬು. ಎಲ್ಲವನ್ನೂ ಕಾಂಕ್ರೀಟಿಗೆ ಬೋಲ್ಟು ಹಾಕಿ ಬಿಗಿದಿದ್ದ. ಸುತ್ತ ಹಗ್ಗ.

"ಮೂರಡಿ ದೂರ ನಿಲ್ಲಿ ಸಾರ್. ಶಕ್ತಿ ಇದೆ."

"ಪೆಟ್ಟಿಗೆ ತೆಗಿ."

"ತೆಗೆದರೆ ಶಕ್ತಿ ಹೋಗುತ್ತೆ."

"ಎತ್ತಿ ಪಕ್ಕಕ್ಕಿಡು."

"ಅಲ್ಲಾಡಿದರೆ ಬ್ಯಾಲೆನ್ಸ್ ಹೋಗುತ್ತೆ."

"ಹೋಗಲಿ, ಒಂದ್ಸಲ ನಿಲ್ಲಿಸಿ ಮತ್ತೆ ಶುರು ಮಾಡು."

ಅವನು ಕೈಮುಗಿದ. "ಅದೊಂದೇ ನನ್ನಿಂದ ಆಗಲ್ಲ ಸಾರ್. ಮಾಡಿದವನು ನಾನೇ. ಆದರೆ ಇದನ್ನ ನಿಲ್ಲಿಸೋಕೆ ನನಗೂ ಬರಲ್ಲ."

ಷಡ್ಡಕರ ಕಣ್ಣಲ್ಲಿ ನೀರು. ಅಡ್ವಾನ್ಸಿನ ಮಾತೆತ್ತಿದರು.

ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು. ಯಾರ ಕೆನ್ನೆಗೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಅಷ್ಟರಲ್ಲಿ ಒಂದು ವಿಷಯ ನೆನಪಾಯಿತು.

"ಪೂರ್ತಿ ಕಮಿಟಿ ಬಂದು ನೋಡಲಿ," ಎಂದೆ. "ಆಯುಧಪೂಜೆ ದಿನ."

"ಒಳ್ಳೇ ದಿನ!" ಎಂದರು ಷಡ್ಡಕರು. "ಈಗ ದಾರಿಗೆ ಬಂದ್ರಿ ನೋಡಿ." ಹಳೇ ಜನರೇಟರ್ ಕೊಳ್ಳುವವನಿಗೆ ಅಲ್ಲೇ ಫೋನ್ ಮಾಡಿ, ವಿಜಯದಶಮಿಗೆ ಬಂದು ಎತ್ತಿಕೊಂಡು ಹೋಗಿ ಎಂದರು.

ನಾನು ನನ್ನ ಶೆಡ್ಡಿಗೆ ಹೋಗಿ ತಂತಿ ಸುತ್ತಲು ಕೂತೆ.

೫. ರಜೆ

ಶೆಡ್ಡುಗಳ ಯಜಮಾನಿ ಒಬ್ಬಳು ಅಜ್ಜಿ. ಆ ಜಾಗ ಹಿಂದೆ ಅವರ ರಾಗಿ ಹೊಲ. ಬಾಡಿಗೆ ಒಂದು ತಿಂಗಳು ತಡವಾದರೆ ಸುಮ್ಮನಿರುತ್ತಾಳೆ. ಆಯುಧಪೂಜೆ ದಿನ ಯಾವನಾದರೂ ಮಿಷಿನ್ ಓಡಿಸಿದರೆ ಸುಮ್ಮನಿರುವುದಿಲ್ಲ. ಹಿಂದೆ ಹಬ್ಬದ ದಿನ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲವಂತೆ. ಈಗ ಎತ್ತಿಲ್ಲ, ಮಿಷಿನ್ ಇದೆ. ನಿಯಮ ಅದೇ. ಹೊಸಬನಿಗೆ ಇದು ಗೊತ್ತಿರಲಿಲ್ಲ.

ಅವತ್ತು ಎಲ್ಲ ಶೆಡ್ಡಿನಲ್ಲೂ ಬಾಳೆಕಂದು, ಬೂದುಗುಂಬಳ, ಪುರಿ. ಲೇತಿಗೆ, ಡ್ರಿಲ್ಲಿಗೆ, ನನ್ನ ಸುತ್ತುವ ಮಿಷಿನ್ನಿಗೆ ವಿಭೂತಿ. ಕೊನೆಯ ಶೆಡ್ಡಿನಲ್ಲಿ ನಮ್ಮ ಕಮಿಟಿ ಹಗ್ಗದಾಚೆ ಕೈಕಟ್ಟಿ ನಿಂತಿತ್ತು. ಗಾಲಿ ತಿರುಗುತ್ತಿತ್ತು. ಬಲ್ಬಿಗೆ ಸೇವಂತಿಗೆ ಹಾರ. ಸಾಫ್ಟ್‌ವೇರಿನವನು ವೀಡಿಯೋ ಮಾಡುತ್ತಿದ್ದ.

ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಇದ್ಯಾಕಪ್ಪ ಇನ್ನೂ ತಿರುಗ್ತಾ ಐತೆ? ಪೂಜೆ ಒತ್ತು. ನಿಲ್ಸು."

"ನಿಲ್ಸೋಕಾಗಲ್ಲ ಅಜ್ಜಿ. ಇದು ನಿಲ್ಲದ ಯಂತ್ರ."

"ವರ್ಸಕ್ಕೊಂದಿನ ರಜ ಬ್ಯಾಡ್ವಾ ಅದ್ಕೆ?"

ಷಡ್ಡಕರು ನಕ್ಕು ವಿವರಿಸಿದರು. "ಅಜ್ಜಿ, ಇದಕ್ಕೆ ಕರೆಂಟೇ ಇಲ್ಲ. ತನ್ನಿಂದ ತಾನೇ ತಿರುಗುತ್ತೆ. ಮಾಡಿದವರಿಗೇ ನಿಲ್ಸೋಕೆ ಬರಲ್ಲ."

"ಅಂಗಾ," ಎಂದಳು ಅಜ್ಜಿ. ಬಟ್ಟಲನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು.

ಆರು ಶೆಡ್ಡಿಗೂ ಮೇನ್ ಸ್ವಿಚ್ ಒಂದೇ. ಗೇಟಿನ ಪಕ್ಕ ಗೋಡೆಯಲ್ಲಿದೆ. ಪ್ರತಿ ವರ್ಷ ಆ ದಿನ ಅಜ್ಜಿಯೇ ತನ್ನ ಕೈಯಾರೆ ಅದನ್ನು ಇಳಿಸುತ್ತಾಳೆ.

ಬಲ್ಬು ಆರಿತು. ಗಾಲಿ ಒಂದಷ್ಟು ಸುತ್ತು ಸುತ್ತಿತು. ಬೆಲ್ಟು ಕಿರ್ರೆಂದಿತು. ನಿಂತಿತು. ಹಾರ ಮಾತ್ರ ಸ್ವಲ್ಪ ಹೊತ್ತು ತೂಗಿತು.

ಷಡ್ಡಕರಿಗೆ ಹಳೆಯ ಇನ್‌ಸ್ಪೆಕ್ಷನ್ ಕಣ್ಣು ಆಗ ಬಂತು. ಹಗ್ಗ ದಾಟಿದರು. ಮಂಡಿಯೂರಿದರು. ಕನ್ನಡಕ ಏರಿಸಿ ತಗಡಿನ ಪೆಟ್ಟಿಗೆಯ ಕೆಳಗೆ ಬೆರಳು ತೂರಿಸಿದರು. ಕಾಂಕ್ರೀಟಿನೊಳಗಿಂದ ಬಂದ ವೈರು ಕೈಗೆ ಸಿಕ್ಕಿತು. ಅಲ್ಲೇ ಕೂತು ಫೋನ್ ತೆಗೆದರು.

"ಹಲೋ. ಜನರೇಟರ್ ಕೊಡಲ್ಲ. ನಾಳೆ ಬರಬೇಡಿ."

ಯಂತ್ರದವನು ಬೆವರುತ್ತ, "ಹಬ್ಬ ಅಲ್ವಾ ಸಾರ್, ಶಕ್ತಿ ಸ್ವಲ್ಪ..." ಎಂದು ಶುರುಮಾಡಿದ.

ಅಷ್ಟರಲ್ಲಿ ಅಜ್ಜಿ ಬಂದಳು. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಗಾಲಿಗೆ ಕುಂಕುಮ ಹಚ್ಚಿದಳು. ಆಮೇಲೆ ಅವನ ಹಣೆಗೂ ಹಚ್ಚಿ, ತಲೆ ಸವರಿ ಹೇಳಿದಳು:

"ನಿಲ್ಸಾಕೆ ಬರಾಕಿಲ್ಲ ಅಂದ್ರೆ ಮೊದ್ಲೇ ನನ್ನ ಕರೀಬಾರ್ದಾ ಮಗಾ? ನಂಗೆ ಬತ್ತದೆ."