ಎಲೆ ತರಲು ಹೋದವನ ಹಾಡು

ಹಾಡು ಬರೆದವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗಿದರೆ ಇಂಥವು ಆಗುತ್ತಲೇ ಇರುತ್ತವೆ.

ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಹರೆಯದಲ್ಲಿ ನಾಟಕ ಕಂಪನಿಗೆ ಹಾಡು ಬರೆಯುತ್ತಿದ್ದರು. ಸವಣೂರಿಗೆ ವೀಳ್ಯದೆಲೆ ತರಲು ಹೋಗಿ ಮರಳದ ಗಂಡನನ್ನು ಹೆಂಡತಿ ಬೈಯುವ ಹಾಡೊಂದು ಗ್ರಾಮಫೋನ್ ತಟ್ಟೆಯಾಗಿ ಊರೂರಿಗೆ ಹೋಯಿತು. ತಟ್ಟೆಯ ಮೇಲೆ ಹಾಡಿದವರ ಹೆಸರಷ್ಟೇ ಇತ್ತು. ಅಜ್ಜನಿಗೆ ಈಗ ಉಳಿದಿರುವುದು ಒಂದೇ ಆಸೆ: ಆ ಹಾಡಿನ ಜೊತೆ ತಮ್ಮ ಹೆಸರು ಒಮ್ಮೆ ಮೈಕಿನಲ್ಲಿ ಕೇಳಬೇಕು. ನಾನು ಬಿ.ಎಸ್‌ಸಿ. ಮುಗಿಸಿ ರಕ್ತ ತಪಾಸಣೆಯ ಲ್ಯಾಬಿನಲ್ಲಿದ್ದೇನೆ. ಭಾನುವಾರ ಬಿಡುವು. ಹಾಗಾಗಿ ಸಾರಥಿ ನಾನು.

೧. ಸಾಕ್ಷಿ

ಮೊದಲು ಸಾಕ್ಷಿ ಬೇಕೆಂದು ಅಜ್ಜನ ಹೆಂಡತಿಯನ್ನು ಕೇಳಿದೆ.

"ಆಯಿ, ಆ ಹಾಡು ಅಜ್ಜಾರ ಬರದದ್ದು ಖರೇನು?"

"ಖರೇನ. ಲಗ್ನಾದ ಹೊಸದಾಗಿ ಸವಣೂರಿಗೆ ಎಲಿ ತರಾಕ ಕಳಿಸಿದ್ದೆ. ಸಂಜಿಗೆ ಹಾಡು ತಂದ್ರು."

"ಎಲಿ?"

"ಇನ್ನೂ ಬಂದಿಲ್ಲ."

೨. ಸವಣೂರು

ಎಲೆ ಮಾರುವ ಹೆಂಗಸು ಅದೇ ಹಾಡು ಗುನುಗುತ್ತಿದ್ದಳು. ಅಜ್ಜ ಬೈಕಿನಿಂದ ಇಳಿದರು.

"ತಂಗಿ, ಅದು ನಾ ಬರದ ಹಾಡು."

"ನಮ್ಮ ಮುತ್ತಜ್ಜಿ ಬೀಸೂ ಮುಂದ ಹಾಡತಿದ್ಲಂತರಿ."

"ಆಕಿ ಯಾವಾಗ ತೀರಿಕೊಂಡ್ಲು?"

"ನೀವು ಹುಟ್ಟೂಕಿಂತ ಮೊದಲ."

ಅಜ್ಜ ಎಲೆ ಕೊಂಡರು. ಆಕೆ ಕನಿಕರದಿಂದ ನಾಲ್ಕು ಎಲೆ ಹೆಚ್ಚಿಗೆ ಇಟ್ಟಳು. "ವಯಸ್ಸಾದ ಮ್ಯಾಲೆ ಹಂಗ ಅನಸತೈತ್ರಿ. ನಮ್ಮಪ್ಪ ಬಂಕಾಪುರದ ಕ್ವಾಟಿ ತಾನ ಕಟ್ಟಿಸಿದ್ದು ಅಂತಿದ್ದ."

೩. ಕೊನೆಯ ನುಡಿ

ಕೊನೆಯ ನುಡಿಯಲ್ಲಿ ಕವಿ ತನ್ನ ಹೆಸರು, ಊರು ಸೇರಿಸುವುದು ಪದ್ಧತಿ. ಅಜ್ಜನೂ ಸೇರಿಸಿದ್ದರು. ಹಾಡುವವರದೂ ಒಂದು ಪದ್ಧತಿಯಿದೆ: ಯಾರ ಚಪ್ಪರದಲ್ಲಿ ಹಾಡುತ್ತಾರೋ ಅವರ ಹೆಸರು ಹಾಕುವುದು. ಶಿಗ್ಗಾವಿಯಲ್ಲಿ ಅದು ಶಿಗ್ಗಾವಿಯ ಕವಿಯ ಹಾಡು. ಹಿರೇಕೆರೂರಿನ ಮದುವೆಯಲ್ಲಿ ವರನ ಸೋದರಮಾವನ ಹಾಡು. ಅಜ್ಜ ಆ ಸೋದರಮಾವನನ್ನೇ ಹಿಡಿದರು.

"ಸಾಹುಕಾರ್ರ, ಇದು ನೀವ ಬರದದ್ದೇನ್ರಿ?"

ಆತ ಸ್ವಲ್ಪ ಯೋಚಿಸಿದ. "ನಿನ್ನಿ ತನಕ ಅಲ್ರಿ. ಮುಂಜಾನಿಂದ ಹಾಡಾಕತ್ತಾರ. ಕೇಳಿ ಕೇಳಿ ಈಗ ನಾನ ಬರದೇನೇನೋ ಅನಸಾಕತ್ತೈತಿ."

೪. ಅಕ್ಕಿಆಲೂರಿನ ಮೈಕು

ಜನಪದ ಗೀತೆಗಳ ಸ್ಪರ್ಧೆ. ಹಿರಿಯರೆಂದು ಅಜ್ಜನನ್ನು ಬಹುಮಾನ ಕೊಡಲು ಕರೆದಿದ್ದರು. ಅಜ್ಜ ಹೊಸ ಧೋತರ ಉಟ್ಟರು.

"ಇವತ್ತ ಮೈಕು ನನ್ನ ಕೈಯಾಗ ಬರತೈತಿ. ನನ್ನ ಹೆಸರು ನಾನ ಹೇಳತೇನಿ."

ಒಬ್ಬ ಹುಡುಗಿ ಅದೇ ಹಾಡು ಹಾಡಿದಳು. ಮೊದಲ ಬಹುಮಾನ ಬಂತು. ವೇದಿಕೆಯಲ್ಲಿ ಅಜ್ಜ ತೀರ್ಪುಗಾರ ಮಾಸ್ತರರ ಕಡೆ ಬಾಗಿದರು.

"ಮಾಸ್ತರ, ಇದು ನಾ ಬರದದ್ದು."

ಮಾಸ್ತರರು ಬೆವೆತರು. "ಈಗ ಹೇಳಬ್ಯಾಡ್ರಿ ಅಜ್ಜಾರ. ಬರದವರು ಗೊತ್ತಾದ್ರ ಅದು ಜನಪದ ಅಲ್ಲ ಅಂತ ನಿಯಮ ಐತಿ. ಹುಡುಗಿ ಬಹುಮಾನ ಹೋಗತೈತಿ."

ಹುಡುಗಿ ಆಗಲೇ ಕೈ ಚಾಚಿ ನಿಂತಿದ್ದಳು. ಅಜ್ಜ ಬಹುಮಾನದ ಕಪ್ ಕೊಟ್ಟರು. ಮೈಕು ಕೈಗೆ ಬಂತು. "ಚಲೋ ಹಾಡಿದ್ಲು" ಎಂದಷ್ಟೇ ಹೇಳಿ ನಿರೂಪಕನಿಗೆ ಮರಳಿಸಿದರು.

ನಿರೂಪಕ ಭಾವುಕನಾದ. "ಈ ಹಾಡು ಕಟ್ಟಿದ ಅಜ್ಞಾತ ಕವಿ ಎಂದೋ ನಮ್ಮನ್ನು ಅಗಲಿದ್ದಾನೆ. ಅವನ ಆತ್ಮಶಾಂತಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಸಭೆ ಎದ್ದಿತು. ಅಜ್ಜನೂ ಎದ್ದು ಕೈ ಮುಗಿದು ನಿಂತರು. ವೇದಿಕೆಯಲ್ಲಿ ಅವರ ಹಿಂದೆಯೇ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಅಜ್ಜ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದರು: "ಸುಮ್ನಿರಲೇ. ಸತ್ತವರ ಮುಂದ ನಗಬಾರದು."

ಮರಳುವ ದಾರಿಯಲ್ಲಿ ಕೇಳಿದೆ. "ಹೆಸರು ಹೇಳಲಿಲ್ಲಲ್ಲ ಅಜ್ಜಾರ, ಬ್ಯಾಸರ ಆತೇನ್ರಿ?"

"ಯಾಕ? ಇಡೀ ಊರು ಎದ್ದು ನಿಂತಿತ್ತು. ಬದುಕೇನಿ ಅಂತ ಗೊತ್ತಾಗಿದ್ರ ಒಬ್ಬರೂ ಏಳತಿದ್ದಿಲ್ಲ."