ವಿಜಯಮಹಾಂತೇಶ ಹೊಳೆಗೆ ಇಳಿದದ್ದು

ವಿಜಯಮಹಾಂತೇಶ ಮಾಡಿದ ತಪ್ಪು ಇಷ್ಟೇ. ನಿಶ್ಚಯವಾದ ಹುಡುಗಿ ಭುವನಾಳ ಮುಂದೆ, "ಮದವಿ ಆದಮ್ಯಾಲ ಮುರುಡೇಶ್ವರಕ್ಕ ಹೋಗೂಣು. ಸ್ಕೂಬಾ ನನಗೇನ ಹೊಸಾದಲ್ಲ, ಸಮುದ್ರದಾಗ ಇಳದು ಮೀನ ಮಾತಾಡ್ಸಿ ಬಂದೇನಿ" ಎಂದುಬಿಟ್ಟ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾದ ಈ ಮನುಷ್ಯ ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ. ಮದುವೆ ಹತ್ತಿರ ಬಂತು. ಸುಳ್ಳು ಬಯಲಾದರೆ ಮಾವನ ಮನೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಆನ್‌ಲೈನಿನಲ್ಲಿ ಗಾಜಿನ ಮಾಸ್ಕು, ಉಸಿರಾಡುವ ಕೊಳವೆ, ಬಾತುಕೋಳಿಯ ಪಾದದಂಥ ಫಿನ್ನು ತರಿಸಿದ. ಹೊಸಬರು ದಂಡೆಯಿಂದಲೇ ನಡೆದು ಇಳಿಯುವಂಥ ಜಾಗ ಹುಡುಕಬೇಕೆಂದು ಮೊಬೈಲಿನ ವಿಡಿಯೋ ಹೇಳಿತ್ತು. ಭಾನುವಾರ ನೆರೆಮನೆಯ ಯೂಸುಫಸಾಬರ ಬೈಕಿನ ಹಿಂದೆ ಕೂತು ಗುತ್ತಲದ ಕಡೆ ತುಂಗಭದ್ರೆಗೆ ಹೋದ. ಒಂದು ಕಡೆ ಮೊಣಕಾಲುದ್ದ ಕೆಸರು, ಇನ್ನೊಂದು ಕಡೆ ಜಾಲಿಮುಳ್ಳು. ಕೊನೆಗೆ ಹೆಂಗಸರು ಬಟ್ಟೆ ಒಗೆಯುವಲ್ಲಿ ಇಳಿಜಾರು ಸರಿಯಾಗಿತ್ತು.

ಫಕ್ಕೀರವ್ವ ಎಂಬಾಕೆ ಸೀರೆ ಹಿಂಡುವುದನ್ನು ಬಿಟ್ಟು ಕೇಳಿದಳು, "ಯಾರ ಬಿದ್ದಾರೋ ತಮ್ಮಾ?"

"ಯಾರೂ ಬಿದ್ದಿಲ್ಲಬೇ. ನಾ ಇಳ್ಯಾಕ ಬಂದೇನಿ."

"ಇಳ್ಯಾಕ ಇಷ್ಟೆಲ್ಲಾ ಸಾಮಾನ ಯಾಕ? ನಮ್ಮ ಎಮ್ಮಿ ಹಂಗ ಇಳೀತೈತಿ."

ಯೂಸುಫಸಾಬರು ಗಡ್ಡ ನೀವಿದರು. "ಹಂಗನಬ್ಯಾಡಬೇ. ಇಂವಾ ಮುಂಬೈದಾಗ ಕಲತಾಂವ. ನೇವಿಯವ್ರು ಕರದಿದ್ರು, ಇಂವನ ಒಲ್ಲೆ ಅಂದಾನ."

ಅವರಿಗೆ ಸುಳ್ಳು ಹೇಳಲು ಕಾರಣ ಬೇಕಿರಲಿಲ್ಲ, ಕೇಳುವವರಿದ್ದರೆ ಸಾಕಿತ್ತು. ದಂಡೆಯ ತುಂಬ ಜನ ಕೂಡಿದರು, ಮೊಬೈಲುಗಳು ಮೇಲೆದ್ದವು.

ಫಿನ್ನು ಹಾಕಿದವರು ಹಿಂದಕ್ಕೆ ನಡೆಯಬೇಕಂತೆ. ವಿಜಯಮಹಾಂತೇಶ ಹಾಗೆಯೇ ನಡೆದು, ನೀರಲ್ಲಿ ಮಲಗಿದ್ದ ಫಕ್ಕೀರವ್ವನ ಎಮ್ಮೆಯ ಮೇಲೆ ಕುಳಿತ. ಎಮ್ಮೆ ಎದ್ದಿತು, ಇವನು ಮುಳುಗಿದ. ಮರುಕ್ಷಣ ಮುಖ ಹಿಡಿದುಕೊಂಡು, "ಸತ್ತೆ, ಸತ್ತೆ" ಎಂದು ನೀರು ಬಡಿಯುತ್ತ ಎದ್ದ. ಗಿರಣಿಯ ಘಾಟಿಗೆ ಹೆದರಿ ಅವನ ತಾಯಿ ಹಿಂದಿನ ದಿನ ಅದೇ ಮಾಸ್ಕು ಹಾಕಿಕೊಂಡು ಖಾರ ಕುಟ್ಟಿಸಿ ಬಂದಿದ್ದಳು. ಅಂಚಿನಲ್ಲಿ ಕೂತಿದ್ದ ಖಾರಪುಡಿ ನೀರು ತಾಗಿದ್ದೇ ಕಣ್ಣಿಗೆ ಇಳಿದಿತ್ತು.

"ಮೊಸಳಿ" ಎಂದರು ಯಾರೋ. ದಂಡೆ ಖಾಲಿಯಾಯಿತು. ಎಮ್ಮೆಯೂ ಓಡತೊಡಗಿತು. ಕಣ್ಣು ಕಾಣದ ವಿಜಯಮಹಾಂತೇಶ ಕೈಗೆ ಸಿಕ್ಕ ಅದರ ಬಾಲ ಹಿಡಿದು ಹೊರಗೆ ಬಂದ.

ಓಡುತ್ತಲೇ ಯಾರೋ ತೆಗೆದ ವಿಡಿಯೋ, ಮೊಸಳೆಯ ಬಾಲ ಹಿಡಿದ ಧೀರ ಎಂಬ ಹೆಸರಿನಲ್ಲಿ ಸಂಜೆಯೊಳಗೆ ಹಾವೇರಿ, ರಾಣೆಬೆನ್ನೂರು ಸುತ್ತಿತು. ನೀರಲ್ಲಿ ಕಪ್ಪಗೆ ಕಂಡ ಬಾಲ ಯಾರದೆಂದು ಯಾರೂ ಕೇಳಲಿಲ್ಲ. ಕುಪ್ಪೇಲೂರಿನಿಂದ ಭುವನಾಳ ಫೋನ್ ಬಂತು. ಕಣ್ಣಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗಿದ್ದವನಿಗೆ ಸುಳ್ಳು ಸಾಕುಸಾಕಾಗಿತ್ತು.

"ಭುವನಾ, ಖರೇ ಹೇಳ್ತೇನಿ. ಅಲ್ಲಿ ಮೊಸಳಿ ಇರಲಿಲ್ಲ, ಖಾರಪುಡಿ ಇತ್ತು. ನನಗ ಈಜ ಬರಂಗಿಲ್ಲ. ಸಮುದ್ರಾನೂ ನೋಡಿಲ್ಲ."

ಹೋದರೆ ಹೋಗಲಿ ಮಾನ, ಭಾರ ಇಳಿಯಿತಲ್ಲ ಎಂದು ಅವನಿಗೆ ಅಳುವಷ್ಟು ಹಗುರವೆನಿಸಿತು.

"ನೋಡಪಾ," ಭುವನಾ ತಂದೆಗೆ ಹೇಳುವುದು ಕೇಳಿಸಿತು, "ಇಷ್ಟ ದೊಡ್ಡ ಕೆಲಸ ಮಾಡಿ ಒಂಚೂರೂ ಸೊಕ್ಕಿಲ್ಲ."

ಮಾವ ಸಿದ್ದಲಿಂಗಪ್ಪ ಫೋನ್ ಇಸಿದುಕೊಂಡರು. "ಅಳಿಯಂದ್ರ, ನಮ್ಮ ಹೊಲದ ಹೊಂಡದಾಗ ಖರೇನ ಒಂದು ಮೊಸಳಿ ಬಂದು ಕುಂತೈತಿ. ಹಿಡಿಯವ್ರು ಬಂದಿದ್ರು, ವಾಪಸ್ ಕಳಿಸಿದೆ. ಮನಿ ಅಳಿಯ ಇರೂಮುಂದ ಮಂದೀನ ಯಾಕ ಕರೀಬೇಕ್ರಿ? ಮುಂಜಾನಿ ಲಗೂ ಬರ್ರಿ. ಊರವ್ರು ನೋಡಾಕ ಈಗಿಂದನ ಕುರ್ಚಿ ಹಾಕಾಕತ್ತಾರ."